ಪುಣೆಯಲ್ಲಿ ಹೋಟೆಲ್ ಬಿಲ್ಲಿಂಗ್ ಸಾಫ್ಟ್‌ವೇರ್ ಶುರುಮಾಡಿದ್ದೇವೆ, ಕೈಯಲ್ಲಿ 8 ಲಕ್ಷ ಇದೆ. ಬಾಣೇರ್‌ನಲ್ಲಿ ಆಫೀಸ್ ಹಿಡಿಯೋದಾ, ಇಬ್ಬರು ಸೇಲ್ಸ್‌ನವರನ್ನು ಇಡೋದಾ?

ಸದ್ಯಕ್ಕೆ ಎರಡೂ ಬೇಡ. ಈಗಿರುವ ಗಿರಾಕಿಗಳು ಉಳಿಯುತ್ತಾರಾ, ಅದನ್ನು ಮೊದಲು ನೋಡಿ. 100 ಹೋಟೆಲ್‌ಗಳಿದ್ದು ತಿಂಗಳಿಗೆ ಶೇ. 5ರಷ್ಟು ಬಿಟ್ಟುಹೋದರೆ ವರ್ಷದ ಕೊನೆಗೆ ಉಳಿಯೋದು ಸುಮಾರು 54. ಅಂಥ ತೂತು ಬಿಂದಿಗೆಗೆ ಸೇಲ್ಸ್‌ನವರು ಎಷ್ಟು ನೀರು ತಂದರೇನು? ಬಿಟ್ಟವರ ಹತ್ತಿರ ನೀವೇ ಹೋಗಿ ಕಾರಣ ಕೇಳಿ. ಶೆಟ್ಟರ ಹೋಟೆಲ್ ಆದರೆ ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಹೋಗಿ, ಕನ್ನಡದಲ್ಲೋ ತುಳುವಿನಲ್ಲೋ ಮಾತಾಡಿ. ಅಸಲಿ ದೂರು ಆಗಲೇ ಹೊರಬರೋದು.

ಖರ್ಚು ಮಾಡಲೇಬೇಕಂದ್ರೆ ಸಪೋರ್ಟ್‌ಗೆ ಒಬ್ಬ ಒಳ್ಳೆಯವರನ್ನು ಇಡಿ. ಆರು ತಿಂಗಳ ಖರ್ಚಿನ ದುಡ್ಡು ಮಾತ್ರ ಮುಟ್ಟಬೇಡಿ. ಜಿಎಸ್‌ಟಿ ನೋಂದಣಿ ಇದ್ದರೆ, ಗಿರಾಕಿ ಹಣ ಕೊಡದಿದ್ದರೂ ಬಿಲ್ ಮಾಡಿದ ಮೇಲೆ 18% ತೆರಿಗೆ ನೀವು ಕಟ್ಟಬೇಕು. ಸ್ವಲ್ಪ ರಿಯಾಯಿತಿ ಕೊಟ್ಟಾದರೂ ವರ್ಷದ ಚಂದಾ ಮುಂಗಡವಾಗಿ ತಗೊಳ್ಳಿ.