ಪ್ರತಿಕ್ರಿಯೆ: ಪಕ್ಕದ ಪಬ್‌ಗಿಂತ ನಮಗೆ ಬಿಯರ್ ಯಾಕೆ ದುಬಾರಿ?

ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ ನೀವು ಲೀಸ್‌ಗೆ ತಗೊಂಡಿರೋ ಪಬ್ ಬಹುಶಃ ‘ಟೈಡ್’. ಅಂದ್ರೆ ಮಾಲೀಕ ಕಂಪನಿ ಹೇಳಿದ ಕಡೆಯಿಂದಲೇ, ಅದರ ದರಕ್ಕೇ ಕೆಗ್ (ಬಿಯರ್ ಪೀಪಾಯಿ) ತರಬೇಕು. ಪಕ್ಕದ್ದು ಬಹುಶಃ ‘ಫ್ರೀ ಹೌಸ್’, ಅಂದ್ರೆ ಆ ಕಟ್ಟು ಇಲ್ಲದ, ಅಗ್ಗವಾಗಿ ಸಿಗೋ ಕಡೆಯಿಂದ ತರಬಹುದಾದ ಪಬ್.

ಮೊದಲು ಲೀಸ್‌ನ ಖರೀದಿ ಷರತ್ತು ಓದಿ: ಬಿಯರ್ ಮಾತ್ರವೋ, ಸೈಡರ್, ವೈನ್ ಕೂಡ ಸೇರಿವೆಯೋ. ಆಮೇಲೆ ಕಂಪನಿಗೆ ಇಂಗ್ಲೆಂಡ್, ವೇಲ್ಸ್‌ನಲ್ಲಿ 500 ಅಥವಾ ಹೆಚ್ಚು ಟೈಡ್ ಪಬ್ ಇವೆಯಾ ವಿಚಾರಿಸಿ. ಇದ್ರೆ ಸಾಮಾನ್ಯವಾಗಿ 2016ರ ಪಬ್ಸ್ ಕೋಡ್ (ಟೈಡ್ ಪಬ್ ನಡೆಸೋರನ್ನ ರಕ್ಷಿಸೋ ಸರ್ಕಾರಿ ನಿಯಮಾವಳಿ) ನಿಮಗೂ ಅನ್ವಯ. ಬಾಡಿಗೆ ಪರಿಷ್ಕರಣೆಯ ಪ್ರಸ್ತಾವ ಕೈಗೆ ಬಂದ 21 ದಿನದೊಳಗೆ ‘ಮಾರ್ಕೆಟ್ ರೆಂಟ್ ಓನ್ಲಿ’ (ಖರೀದಿಯ ಕಟ್ಟಿಲ್ಲದೆ ಮಾರುಕಟ್ಟೆ ದರದ ಬಾಡಿಗೆ ಮಾತ್ರ ಕೊಡೋ ಒಪ್ಪಂದ) ಬೇಕೆಂದು ಲಿಖಿತವಾಗಿ ಕೇಳಿ. ಈ ಗಡುವು ದಯವಿಟ್ಟು ತಪ್ಪಿಸಬೇಡಿ.

ಬಿಯರ್ ಕಟ್ಟು ಬಿಡಿಸಿಕೊಂಡರೆ ಸಾಮಾನ್ಯವಾಗಿ ಬಾಡಿಗೆ ಏರುತ್ತೆ. ಹಾಗಾಗಿ ನಿಮಗೆ ಲಾಭವೇ ಅಂತ ಖಚಿತವಾಗಿ ಹೇಳಲಾರೆ. ವರ್ಷಕ್ಕೆ ಎಷ್ಟು ಬ್ಯಾರಲ್ ಬಿಯರ್ ಖಾಲಿಯಾಗುತ್ತೆ, ಅದರಲ್ಲಿ ಉಳಿಯೋ ಹಣ ಏರೋ ಬಾಡಿಗೆಗಿಂತ ಹೆಚ್ಚಾ ಅಂತ ಲೆಕ್ಕ ಹಾಕಿ. ಕಂಪನಿ ಸತಾಯಿಸಿದರೆ ಈ ನಿಯಮಾವಳಿಯ ಉಸ್ತುವಾರಿ ನೋಡೋ ಪಬ್ಸ್ ಕೋಡ್ ಅಡ್ಜುಡಿಕೇಟರ್ ಕಚೇರಿಗೆ ಬರೆಯಿರಿ.