ಕೆಂಚಿಯ ಬಗ್ಗೆ ಏನು ಬರೆದಿಡೋಣ?

ಸಾಕುಪ್ರಾಣಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ತುಮಕೂರಿನ ಹೊರವಲಯದಲ್ಲಿ ನಾವು ಆರು ಜನ ಸೇರಿ ಬೀದಿ ಬೆಕ್ಕುಗಳಿಗೆ ಒಂದು ಆಶ್ರಯ ನಡೆಸುತ್ತಿದ್ದೇವೆ. ಅಲ್ಲಿದ್ದ ಕೆಂಚಿ ಎಂಬ ಹೆಣ್ಣು ಬೆಕ್ಕು ಹೋದ ತಿಂಗಳು ತೀರಿಕೊಂಡಳು. ಮೂರೂವರೆ ವರ್ಷ ಕಿಡ್ನಿ ಕಾಯಿಲೆ ಇಟ್ಟುಕೊಂಡೇ ಬದುಕಿದ್ದಳು. ದಿನ ಬಿಟ್ಟು ದಿನ ಡ್ರಿಪ್ ಕೊಡುತ್ತಿದ್ದೆವು. ಬಂದವರೆಲ್ಲ ಮೊದಲು ಅವಳನ್ನೇ ಕೇಳುತ್ತಿದ್ದರು. ಗೋಡೆಗೆ ಅವಳ ಫೋಟೊ ಹಾಕಿ ಕೆಳಗೆ ನಾಲ್ಕು ಸಾಲು ಬರೆಯಬೇಕೆಂದಿದ್ದೇವೆ, ಏನು ಬರೆಯಬೇಕೋ ತೋಚುತ್ತಿಲ್ಲ. ಔಷಧಿ ಚೀಟಿ, ರಕ್ತಪರೀಕ್ಷೆಯ ವರದಿ, ತೂಕ ಬರೆದಿಟ್ಟ ನೋಟ್‌ಬುಕ್ಕು ಎಲ್ಲ ಒಂದು ಚೀಲದಲ್ಲಿವೆ. ಎಸೆಯಲು ಮನಸ್ಸಾಗುತ್ತಿಲ್ಲ. ಇನ್ನೊಂದು ಕೊರಗು: ಕೊನೆಗೆ ಡಾಕ್ಟರಿಂದ ದಯಾಮರಣದ ಇಂಜೆಕ್ಷನ್ ಕೊಡಿಸಿದೆವು. ಅದರಲ್ಲಿ ತಡ ಮಾಡಿಬಿಟ್ಟೆವಾ?

ಉತ್ತರ: ಚೀಲ ಎಸೆಯಬೇಡಿ. ಅದರ ವಿಚಾರಕ್ಕೆ ಬರುತ್ತೇವೆ, ಮೊದಲು ಗೋಡೆಯದು.

ನಾಲ್ಕು ಸಾಲಿನಲ್ಲಿ ಕಾಯಿಲೆಗೆ ಒಂದು ಸಾಲು ಸಾಕು. ಮಿಕ್ಕ ಮೂರು ಕೆಂಚಿಯದಾಗಲಿ. ಬೆಳಗಿನ ಬಿಸಿಲಿಗೆ ಎಲ್ಲಿ ಮಲಗುತ್ತಿದ್ದಳು, ಯಾರ ಮಡಿಲಿಗೆ ಮಾತ್ರ ಬರುತ್ತಿದ್ದಳು, ಯಾವ ಡಬ್ಬಿಯ ಸದ್ದಿಗೆ ಓಡಿ ಬರುತ್ತಿದ್ದಳು, ಯಾವ ಬೆಕ್ಕನ್ನು ಕಂಡರೆ ಆಗುತ್ತಿರಲಿಲ್ಲ. ಕಾಯಿಲೆಯ ಸಾಲಿನಲ್ಲಿ ‘ಪಾಪ’, ‘ನರಳಿದಳು’ ಬೇಡ. ಲೆಕ್ಕವನ್ನೇ ಬರೆಯಿರಿ: ಮೂರೂವರೆ ವರ್ಷ ಕಿಡ್ನಿ ಕಾಯಿಲೆ ಇತ್ತು, ದಿನ ಬಿಟ್ಟು ದಿನ ಚರ್ಮದಡಿ ಇಷ್ಟು ಮಿ.ಲೀ. ದ್ರವ ಕೊಡುತ್ತಿದ್ದೆವು, ಹತ್ತು ನಿಮಿಷದ ಕೆಲಸ, ಉಳಿದ ಹೊತ್ತೆಲ್ಲ ಉಂಡು ಮಲಗಿ ಜಗಳವಾಡಿಕೊಂಡಿದ್ದಳು. ಕಾಯಿಲೆಯ ಬೆಕ್ಕನ್ನು ಮನೆಗೆ ಒಯ್ಯಲು ಜನ ಹೆದರುವುದು ಏನು ಮಾಡಬೇಕೆಂದು ಗೊತ್ತಿಲ್ಲದ್ದಕ್ಕೆ. ಹತ್ತು ನಿಮಿಷದ ಕೆಲಸ ಎಂದು ಗೋಡೆ ಮೇಲೆ ಓದಿದವರು ಮುಂದಿನ ಕೆಂಚಿಯನ್ನು ಮನೆಗೆ ಕೊಂಡೊಯ್ಯುವ ಯೋಚನೆಯನ್ನಾದರೂ ಮಾಡುತ್ತಾರೆ.

ಇನ್ನು ಚೀಲ. ಅದರಲ್ಲಿರುವುದನ್ನೆಲ್ಲ ಒಂದು ದೊಡ್ಡ ಹಾಳೆಗೆ ಇಳಿಸಿ. ಎಡಗಡೆ ತಿಂಗಳು, ಪಕ್ಕದಲ್ಲಿ ತೂಕ, ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ರಕ್ತದ ಕಸ), ರಂಜಕ, ರಕ್ತದೊತ್ತಡ, ಡ್ರಿಪ್ಪಿನ ಪ್ರಮಾಣ, ಔಷಧಿ, ಊಟ. ಕೊನೆಯ ಕಲಂ ಅಗಲವಾಗಿರಲಿ, ಕೈಕೊಟ್ಟಿದ್ದೆಲ್ಲ ಅಲ್ಲಿಗೆ ಬರಲಿ. ಕಿಡ್ನಿ ಕಾಯಿಲೆಗೆಂದೇ ಕೊಡುವ ಆಹಾರದಲ್ಲಿ ಕಹಿ ಮಾತ್ರೆ ಬಚ್ಚಿಟ್ಟು ಕೊಟ್ಟಿದ್ದಕ್ಕೆ ಆ ಆಹಾರವನ್ನೇ ಮೂಸದೆ ಬಿಟ್ಟಿದ್ದರೆ ಅದನ್ನು ಬರೆಯಿರಿ. ಬೆಕ್ಕಿಗೆ ಒಮ್ಮೆ ಹಾಗೆ ಅಸಹ್ಯ ಹುಟ್ಟಿದರೆ ಬಿಡಿಸುವುದು ಬಹಳ ಕಷ್ಟ. ಮಾತ್ರೆಯನ್ನು ಬೇರೆ ತುತ್ತಿನಲ್ಲಿ ಕೊಡಬೇಕು, ದಿನದ ಊಟದಲ್ಲಿ ಕೊಡಬಾರದು.

ಕ್ರಿಯಾಟಿನಿನ್ ಅಂಕಿ ಓದುವುದು ಹೀಗೆ. ಐರಿಸ್ ಎಂಬ ಅಂತರರಾಷ್ಟ್ರೀಯ ತಜ್ಞರ ಕೂಟ ಬೆಕ್ಕಿನ ಕಿಡ್ನಿ ಕಾಯಿಲೆಯನ್ನು ನಾಲ್ಕು ಹಂತ ಮಾಡಿದೆ. ಡೆಸಿಲೀಟರಿಗೆ 1.6 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಮೊದಲನೆಯದು, 1.6ರಿಂದ 2.8 ಎರಡನೆಯದು, 2.9ರಿಂದ 5 ಮೂರನೆಯದು, ಅದಕ್ಕೂ ಮೇಲೆ ನಾಲ್ಕನೆಯದು. ಕಿಡ್ನಿಯ ಕೆಲಸದಲ್ಲಿ ಸುಮಾರು ಮುಕ್ಕಾಲು ಪಾಲು ನಿಂತ ಮೇಲೆಯೇ ಈ ಅಂಕಿ ಏರುವುದು. ಆದ್ದರಿಂದ ‘ಮೊದಲೇ ಏಕೆ ಗೊತ್ತಾಗಲಿಲ್ಲ’ ಎಂದು ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಒಂದು ಎಚ್ಚರ: ವಾಂತಿ, ಉಪವಾಸದಿಂದ ಮೈಯಲ್ಲಿ ನೀರು ಬತ್ತಿದ ದಿನ ರಕ್ತ ತೆಗೆದರೆ ಅಂಕಿ ಸುಳ್ಳೇ ಮೇಲಿರುತ್ತದೆ. ಡ್ರಿಪ್ ಕೊಟ್ಟು ಬೆಕ್ಕು ಚೇತರಿಸಿಕೊಂಡ ಮೇಲೆ ಇನ್ನೊಮ್ಮೆ ನೋಡದೆ ಹಂತ ಹೇಳಬಾರದು. ನಿಮ್ಮ ಹಾಳೆಯಲ್ಲಿ ಯಾವುದಾದರೂ ತಿಂಗಳು ಅಂಕಿ ದಿಢೀರ್ ಜಿಗಿದು ಮತ್ತೆ ಇಳಿದಿದ್ದರೆ ಮೊದಲು ಇದನ್ನೇ ಅನುಮಾನಿಸಿ.

ಅಂಕಿಗಿಂತ ಹೆಚ್ಚು ಕಲಿಸುವುದು ತೂಕ. ವಾರಕ್ಕೊಮ್ಮೆ, ಒಂದೇ ತಕ್ಕಡಿ, ಒಂದೇ ಹೊತ್ತು. ಮಗುವಿನ ತೂಕ ನೋಡುವ ತಕ್ಕಡಿ ಆದೀತು. ಮನುಷ್ಯರು ನಿಲ್ಲುವ ತಕ್ಕಡಿಯಲ್ಲಿ ನೂರಿನ್ನೂರು ಗ್ರಾಂ ಹೆಚ್ಚು ಕಡಿಮೆಯಾದರೆ ತಿಳಿಯುವುದಿಲ್ಲ. 3.6 ಕಿಲೋ ಇದ್ದದ್ದು 3.2ಕ್ಕೆ ಬಂದರೆ ನೋಡುವವರ ಕಣ್ಣಿಗೆ ಏನೂ ಕಾಣದು, ಆದರೆ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಹೋಗಿರುತ್ತದೆ. ರಕ್ತದೊತ್ತಡದ ಕಲಂ ಖಾಲಿ ಇದ್ದರೆ ಉಳಿದ ಬೆಕ್ಕುಗಳ ವಿಷಯದಲ್ಲಿ ತುಂಬಿಸಿ. ಕಿಡ್ನಿ ಕೆಟ್ಟ ಬೆಕ್ಕಿಗೆ ಒತ್ತಡ ಏರುವುದು ಸಾಮಾನ್ಯ. ಮೇಲಿನ ಅಂಕಿ 160 ದಾಟಿಯೇ ಇದ್ದರೆ ವೈದ್ಯರು ಸಾಮಾನ್ಯವಾಗಿ ಒತ್ತಡ ಇಳಿಸುವ ಆಮ್ಲೋಡಿಪಿನ್ ಮಾತ್ರೆ ಶುರು ಮಾಡುತ್ತಾರೆ. ಗಮನಿಸದೆ ಬಿಟ್ಟರೆ ಒಂದು ಬೆಳಿಗ್ಗೆ ಪಾಪೆ ಅಗಲವಾಗಿ, ಬೆಕ್ಕು ಗೋಡೆಗೆ ಡಿಕ್ಕಿ ಹೊಡೆಯುತ್ತ ಓಡಾಡುತ್ತದೆ. ಅದು ಕುರುಡು, ಅಂದೇ ಆಸ್ಪತ್ರೆಗೆ ಒಯ್ಯಬೇಕು.

ತಡವಾಯಿತಾ ಎಂಬ ಮಾತಿಗೆ ನಿಮ್ಮ ನೋಟ್‌ಬುಕ್ಕೇ ಉತ್ತರ ಹೇಳೀತು. ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಲೋಬೋಸ್ ಇದಕ್ಕೊಂದು ಅಳತೆ ಮಾಡಿಕೊಟ್ಟಿದ್ದಾರೆ. ನೋವಿಲ್ಲದಿರುವುದು, ಹಸಿವು, ಮೈಯ ನೀರಿನಂಶ, ಶುಚಿ, ಖುಷಿ, ಓಡಾಟ, ಕೆಟ್ಟ ದಿನಕ್ಕಿಂತ ಒಳ್ಳೆಯ ದಿನ ಹೆಚ್ಚಿರುವುದು: ಈ ಏಳಕ್ಕೂ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಟ್ಟು ಕೂಡಬೇಕು. ಒಟ್ಟು 35 ದಾಟಿದರೆ ಬದುಕು ಸಹ್ಯವಾಗಿದೆ, ಆರೈಕೆ ಮುಂದುವರಿಸಬಹುದು. ಕೆಂಚಿಯ ಕೊನೆಯ ಎರಡು ತಿಂಗಳಿಗೆ ವಾರವಾರದ ಅಂಕ ಹಾಕಿ ನೋಡಿ. 35ರ ಕೆಳಗೆ ಒಂದೆರಡು ವಾರ ಕಳೆದಿದ್ದರೆ ಅದು ತಪ್ಪಲ್ಲ, ಯಾರೂ ಆ ಗೆರೆಯ ಮೇಲೆ ಸರಿಯಾಗಿ ನಿಲ್ಲಲಾರರು. ಈಗ ಇರುವ ಕಾಯಿಲೆ ಬೆಕ್ಕುಗಳಿಗೆ ಈ ಅಂಕವನ್ನು ಇವತ್ತಿನಿಂದಲೇ ಬರೆಯಿರಿ, ಬೇರೆಬೇರೆ ದಿನ ಬೇರೆಬೇರೆಯವರು. ದಿನವೂ ಎತ್ತಿ ಆಡಿಸುವವರ ಕಣ್ಣು ಇಳಿತಕ್ಕೆ ಒಗ್ಗಿಹೋಗಿರುತ್ತದೆ.

ಪ್ರಶ್ನೆ: ಅಮ್ಮ ಸಾಕಿದ್ದ ಬೆಕ್ಕು ಕಿಡ್ನಿ ಹೋಗಿ ಸತ್ತಿತು. ಅದರ ನೆನಪಿಗೆಂದೇ ಅಂಥದ್ದೇ ಕಾಯಿಲೆಯ ಇನ್ನೊಂದನ್ನು ಅಮ್ಮ ತಂದುಕೊಂಡಿದ್ದಾರೆ. ಡಾಕ್ಟರು ವಾರಕ್ಕೆ ಮೂರು ಸಲ 100 ಮಿ.ಲೀ. ಆರ್.ಎಲ್. ಚರ್ಮದ ಕೆಳಗೆ ಕೊಡಲು ತೋರಿಸಿಕೊಟ್ಟರು. ಮನೆಯಲ್ಲಿ ಮಾಡಿದರೆ ಒಮ್ಮೆ ಹರಿಯುವುದೇ ಇಲ್ಲ, ಇನ್ನೊಮ್ಮೆ ಕೂದಲೆಲ್ಲ ಒದ್ದೆ. ಮರುದಿನ ಮುಂಗಾಲಿನ ಹತ್ತಿರ ಗಂಟು ಕಂಡು ಅಮ್ಮ ಹೆದರಿದ್ದಾರೆ. (ಕೋಲಾರದಿಂದ)

ಉತ್ತರ: ಮೊದಲು ಬಾಟಲಿಯ ಮೇಲಿನ ಹೆಸರು ಓದಿ. ಮೆಡಿಕಲ್ ಶಾಪಿನಲ್ಲಿ ‘ಡ್ರಿಪ್ ಬಾಟಲಿ’ ಎಂದಷ್ಟೇ ಕೇಳಿದರೆ ಡಿ.ಎನ್.ಎಸ್. ಕೈಗೆ ಬರಬಹುದು. ಅದರಲ್ಲಿ ಗ್ಲೂಕೋಸ್ ಇರುತ್ತದೆ. ಚರ್ಮದಡಿ ಹೋದರೆ ಉರಿತ, ಕೀವು. ರಿಂಗರ್ಸ್ ಲ್ಯಾಕ್ಟೇಟ್ (ಆರ್.ಎಲ್.) ಎಂದೇ ಇರಬೇಕು.

ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನ ಪಾತ್ರೆಯಲ್ಲಿ ಹತ್ತು ನಿಮಿಷ ಇಡಿ. ಒಂದೆರಡು ಹನಿ ಮಣಿಕಟ್ಟಿನ ಒಳಭಾಗಕ್ಕೆ ಬಿಟ್ಟುಕೊಂಡರೆ ಬಿಸಿಯೂ ಅಲ್ಲ ತಣ್ಣಗೂ ಅಲ್ಲ ಎನ್ನಿಸಬೇಕು. ಮೈಕ್ರೋವೇವ್ ಬೇಡ, ಒಂದು ಕಡೆ ಕುದಿದು ಇನ್ನೊಂದು ಕಡೆ ತಣ್ಣಗಿರುತ್ತದೆ. ಬೆಕ್ಕಿನ ಬೆನ್ನಿಗಿಂತ ಮೂರಡಿ ಮೇಲೆ ಮೊಳೆಗೆ ನೇತುಹಾಕಿ, ಡ್ರಿಪ್ ಸೆಟ್ಟಿನ ಕೊಳವೆಯೊಳಗಿನ ಗಾಳಿ ಹೋಗುವ ತನಕ ಹನಿ ಬಿಟ್ಟು ಮುಚ್ಚಿ. ಸೂಜಿ ಪ್ರತಿ ಸಲ ಹೊಸದು, ಹಳದಿ ಬುಡದ 20ನೇ ನಂಬರು. ಬೇಗ ಮುಗಿಯಬೇಕಾದರೆ ಗುಲಾಬಿ ಬುಡದ 18. ಸಣ್ಣ ಸೂಜಿ ನೋವು ಕಡಿಮೆ ಎಂದು 23ನೇ ನಂಬರಿನದು ಹಾಕಿದರೆ ಹರಿವು ಎಳೆಯುತ್ತ ಹೋಗಿ ಬೆಕ್ಕು ತಾಳ್ಮೆ ಕಳೆದುಕೊಳ್ಳುತ್ತದೆ.

ಹೆಗಲುಗಳ ನಡುವಿನ ಸಡಿಲ ಚರ್ಮವನ್ನು ಗುಡಾರದಂತೆ ಎತ್ತಿ. ಸೂಜಿಯ ಓರೆ ಬಾಯಿ ಮೇಲಿರಲಿ, ಬೆನ್ನುಮೂಳೆಗೆ ಸಮಾನಾಂತರವಾಗಿ ಗುಡಾರದ ಬಾಗಿಲಿಗೆ ನುಗ್ಗಿಸಿ, ಚರ್ಮವನ್ನು ಬಿಟ್ಟು ಕೊಳವೆಯ ಮೇಲಿನ ಹರಿವಿನ ಗಾಲಿ ಪೂರ್ತಿ ತೆರೆಯಿರಿ. ಕೂದಲು ಒದ್ದೆಯಾಗುವುದು ಸೂಜಿ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಬಂದಾಗ. ಚರ್ಮವನ್ನು ಅಡ್ಡಕ್ಕೆ ಹಿಂಡಿ ಹಿಡಿದರೆ ಹೀಗಾಗುತ್ತದೆ, ಮೇಲಕ್ಕೆ ಎತ್ತಿ ಹಿಡಿಯಬೇಕು. ಹರಿಯದಿದ್ದರೆ ಸೂಜಿಯ ಬಾಯಿ ಒಳಗಿನ ಪದರಕ್ಕೆ ಒತ್ತಿಕೊಂಡಿದೆ. ಕಾಲು ಸುತ್ತು ತಿರುಗಿಸಿ, ಇಲ್ಲವೇ ಕೂದಲೆಳೆಯಷ್ಟು ಹಿಂದಕ್ಕೆ ಎಳೆಯಿರಿ. ಬಾಟಲಿಯೇ ಒಳಕ್ಕೆ ಕುಗ್ಗಿ ನಿಂತಿದ್ದರೆ ಸೆಟ್ಟಿನ ಗಾಳಿಕಿಂಡಿ ತೆರೆಯಿರಿ. ಬಾಟಲಿಯ ಗೆರೆ ನೋಡಿ 100 ಇಳಿದ ಮೇಲೆ ಸೂಜಿ ತೆಗೆದು ಅರ್ಧ ನಿಮಿಷ ಚರ್ಮ ಹಿಡಿದುಕೊಳ್ಳಿ. ಒಂದು ಹನಿ ನಸುಗೆಂಪು ನೀರು ಬಂದರೆ ಗಾಬರಿಯಿಲ್ಲ.

ಆ ಗಂಟು ನೀರಿನದು. ಹೆಗಲಿಂದ ಜಾರಿ ಮುಂಗಾಲಿನ ಹತ್ತಿರ ಜೋಲುತ್ತದೆ, ಕೆಲವು ಗಂಟೆಗಳಲ್ಲಿ ಮೈ ಹೀರಿಕೊಳ್ಳುತ್ತದೆ. ಅಮ್ಮನಿಗೆ ಹೀಗೆ ಹೇಳಿ: ಮುಂದಿನ ಡ್ರಿಪ್ಪಿನ ಹೊತ್ತಿಗೂ ಗಂಟು ಹಾಗೇ ಇದ್ದರೆ ಅದರ ಮೇಲೆ ಮತ್ತೆ ಕೊಡಬಾರದು, ಡಾಕ್ಟರಿಗೆ ಫೋನ್ ಮಾಡಬೇಕು. ಬಿಸಿಯಾಗಿ, ಮುಟ್ಟಿದರೆ ನೋಯುತ್ತಿದ್ದರೂ ಹಾಗೆಯೇ. ಇದಕ್ಕಿಂತ ಮುಖ್ಯವಾದದ್ದು ಉಸಿರು. ಬೆಕ್ಕು ನಿದ್ದೆಯಲ್ಲಿದ್ದಾಗ ಪಕ್ಕೆ ಏರಿಳಿಯುವುದನ್ನು ಒಂದು ನಿಮಿಷ ಎಣಿಸಿ, 30ರ ಒಳಗಿರಬೇಕು. ಅದಕ್ಕಿಂತ ಹೆಚ್ಚಿದ್ದರೆ ಹೃದಯಕ್ಕೆ ಭಾರವಾಗಿರಬಹುದು. ಆ ದಿನ ಡ್ರಿಪ್ ನಿಲ್ಲಿಸಿ, ಆಸ್ಪತ್ರೆಗೆ ಒಯ್ಯಿರಿ. ಹೃದಯದ ಸ್ಕ್ಯಾನಿಗೆ ಕೋಲಾರದಿಂದ ಬೆಂಗಳೂರಿಗೆ ಹೋಗಬೇಕಾದೀತು, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ.

ಹಿಂದಿನ ಬೆಕ್ಕಿಗೆ ತೆರೆದು ಉಳಿದ ಬಾಟಲಿಯನ್ನು ಇದಕ್ಕೆ ಬಳಸಬೇಡಿ, ನೆನಪಿಗೆಂದೂ ಇಡಬೇಡಿ. ಹಳೆಯ ಸೂಜಿಗಳು ದಪ್ಪ ಪ್ಲಾಸ್ಟಿಕ್ ಡಬ್ಬಿಯಲ್ಲಿ ಪಶು ಆಸ್ಪತ್ರೆಗೆ ಹೋಗಲಿ. ಕಸದ ಗಾಡಿಯವರ ಕೈಗೆ ಚುಚ್ಚಬಾರದು.

ಪ್ರಶ್ನೆ: ತೀರಿಕೊಂಡ ಬೆಕ್ಕನ್ನು ಮನೆಯ ಹಿಂದೆ ಮಣ್ಣು ಮಾಡಿ ಮೇಲೊಂದು ಹೂವಿನ ಗಿಡ ನೆಡಬೇಕೆಂದಿದ್ದೇವೆ. ಮನೆಯಲ್ಲಿ ಇನ್ನೂ ಮೂರು ಬೆಕ್ಕುಗಳಿವೆ. ಮಕ್ಕಳು ಫೋಟೊ ಮುಂದೆ ಇಡಲು ಅಂಗಡಿಯಿಂದ ಹೂಗುಚ್ಛ ತಂದಿದ್ದಾರೆ. (ಚಿಂತಾಮಣಿಯಿಂದ)

ಉತ್ತರ: ಹೂಗುಚ್ಛವನ್ನು ಈಗಲೇ ಬಿಚ್ಚಿ ನೋಡಿ. ತುತ್ತೂರಿಯಂತೆ ದೊಡ್ಡದಾಗಿ ಬಿರಿದ, ಮಧ್ಯೆ ಕಂದು ಪರಾಗದ ಕಡ್ಡಿಗಳಿರುವ ಲಿಲ್ಲಿ ಇದ್ದರೆ ಮನೆಯಿಂದ ಹೊರಗೆ ಹಾಕಿ. ಲಿಲ್ಲಿಯ ಎಲೆ, ದಳ, ಪರಾಗ, ಹೂದಾನಿಯ ನೀರು ಎಲ್ಲವೂ ಬೆಕ್ಕಿನ ಕಿಡ್ನಿಗೆ ವಿಷ. ಮೈಗೆ ಸೋಕಿದ ಪರಾಗ ನೆಕ್ಕಿಕೊಂಡರೂ ಸಾಕು, ಎರಡು ಮೂರು ದಿನದಲ್ಲಿ ಕಿಡ್ನಿ ನಿಲ್ಲಬಹುದು. ತಿಂದದ್ದು ಗೊತ್ತಾದರೆ ಲಕ್ಷಣಕ್ಕೆ ಕಾಯದೆ ಆ ಗಂಟೆಯಲ್ಲೇ ಆಸ್ಪತ್ರೆಗೆ ಹೋಗಬೇಕು. ಡೇ ಲಿಲ್ಲಿಯೂ ಅಷ್ಟೇ ವಿಷ. ಪೀಸ್ ಲಿಲ್ಲಿ ಹೆಸರಿಗೆ ಮಾತ್ರ ಲಿಲ್ಲಿ, ಬಾಯಿ ಉರಿಸುತ್ತದೆ, ಕಿಡ್ನಿಗೆ ಕೈಹಾಕದು. ಗುಂಡಿಯ ಮೇಲೆ ದಾಸವಾಳ, ಗುಲಾಬಿ, ಮಲ್ಲಿಗೆ ನೆಡಿ. ಕಣಗಿಲೆ ಬೇಡವೇ ಬೇಡ, ಹೃದಯ ನಿಲ್ಲಿಸುವ ವಿಷ ಅದರಲ್ಲಿದೆ. ಸೇವಂತಿಗೆ ಎಲೆ ಕಡಿದರೆ ವಾಂತಿಯಾದೀತು.

ಗುಂಡಿ ಮೂರರಿಂದ ನಾಲ್ಕು ಅಡಿ ಆಳ. ಬೇಸಿಗೆಯ ಕೆಮ್ಮಣ್ಣು ಕಲ್ಲಿನಂತಿರುತ್ತದೆ, ಹಿಂದಿನ ರಾತ್ರಿ ಎರಡು ಬಿಂದಿಗೆ ನೀರು ಸುರಿದಿಟ್ಟರೆ ಹಾರೆ ಇಳಿಯುತ್ತದೆ. ಬಾವಿ, ಬೋರ್‌ವೆಲ್‌ನಿಂದ ದೂರವಿರಲಿ. ಹತ್ತಿ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲ ಬೇಡ, ಕೊಳೆಯದೆ ಉಳಿಯುತ್ತದೆ. ಇಂಜೆಕ್ಷನ್ ಕೊಡಿಸಿ ಕಳಿಸಿದ್ದಾದರೆ ಆಳದಲ್ಲಿ ರಾಜಿ ಮಾಡಿಕೊಳ್ಳಬೇಡಿ. ಔಷಧಿ ದೇಹದಲ್ಲೇ ಉಳಿದಿರುತ್ತದೆ, ಬೀದಿನಾಯಿ ಬಗೆದು ತಿಂದರೆ ಅದಕ್ಕೂ ಪ್ರಾಣಾಪಾಯ. ಅರ್ಧ ಮಣ್ಣು ತುಂಬಿದ ಮೇಲೆ ಚಪ್ಪಡಿ ಇಲ್ಲವೇ ಸೈಜುಗಲ್ಲು ಹಾಸಿ ಮತ್ತೆ ಮಣ್ಣು ಹಾಕಿ. ಉಪ್ಪು ಸುರಿಯುವ ರೂಢಿ ಇದ್ದರೆ ಒಂದು ಹಿಡಿಗೆ ನಿಲ್ಲಿಸಿ, ಹೆಚ್ಚಾದರೆ ಗಿಡ ಹಿಡಿಯುವುದಿಲ್ಲ.

ಪ್ರಶ್ನೆ: ನಮ್ಮ ಕಡೆ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಬೆಕ್ಕಿನ ಕಿಡ್ನಿ ಅದರಿಂದಲೇ ಹೋಯಿತೆಂದು ಎಲ್ಲರೂ ಹೇಳುತ್ತಾರೆ. ಉಳಿದವಕ್ಕೆ ಮುದ್ದೆ, ಸಾರು, ಹಾಲು ಹಾಕುತ್ತಿದ್ದೇವೆ. (ಶಿರಾದಿಂದ)

ಉತ್ತರ: ಫ್ಲೋರೈಡು ಮೊದಲು ಕೆಡಿಸುವುದು ಹಲ್ಲು ಮತ್ತು ಮೂಳೆಯನ್ನು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಮನೆಯ ಯಾರಿಗೂ ಬೇಡ. ಶುದ್ಧ ನೀರಿನ ಘಟಕದಿಂದ ತರುವ ಕ್ಯಾನಿನಲ್ಲೇ ಬೆಕ್ಕಿಗೂ ಒಂದು ಬಟ್ಟಲು ತೆಗೆದಿಡಿ. ಬೆಕ್ಕಿನ ಕಿಡ್ನಿ ಹೆಚ್ಚಾಗಿ ವಯಸ್ಸಿನಿಂದಲೇ ಸವೆಯುವುದು, ಆದ್ದರಿಂದ ನಿಮ್ಮ ನೀರಿನ ಮೇಲೆ ಪೂರ್ತಿ ತಪ್ಪು ಹೊರಿಸಬೇಡಿ. ಎಷ್ಟು ಕುಡಿಯುತ್ತದೆ ಎಂದು ಅಳೆಯುವುದು ಹೆಚ್ಚು ಉಪಯೋಗ: ದಿನಕ್ಕೆ ಕಿಲೋ ತೂಕಕ್ಕೆ 100 ಮಿ.ಲೀ. ದಾಟಿದರೆ, ಅಂದರೆ ಮೂರು ಕಿಲೋ ಬೆಕ್ಕು 300 ಮಿ.ಲೀ.ಗಿಂತ ಹೆಚ್ಚು ಕುಡಿದರೆ ರಕ್ತ, ಮೂತ್ರ ಪರೀಕ್ಷೆ ಮಾಡಿಸಿ. ಸಾರಿನಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇರುತ್ತದೆ, ಎರಡೂ ಬೆಕ್ಕಿನ ಕೆಂಪು ರಕ್ತಕಣ ಒಡೆಯುತ್ತವೆ. ಮುದ್ದೆಯಲ್ಲಿ ಬೆಕ್ಕಿಗೆ ಬೇಕೇಬೇಕಾದ ಟಾರಿನ್ ಎಂಬ ಪೋಷಕಾಂಶ ಇಲ್ಲ, ಅದು ಮಾಂಸ, ಮೀನಿನಲ್ಲೇ ಸಿಗಬೇಕು. ಇಲ್ಲದಿದ್ದರೆ ಕಣ್ಣು, ಹೃದಯ ಕೆಡುತ್ತವೆ. ಈಗಾಗಲೇ ಕಿಡ್ನಿ ಕಾಯಿಲೆ ಇರುವ ಬೆಕ್ಕಿಗೆ ಒಣಮೀನು, ಮೂಳೆ ನಿಲ್ಲಿಸಿ, ರಂಜಕ ತುಂಬಿದೆ.

ಪ್ರಶ್ನೆ: ಎರಡು ಬೆಕ್ಕು ಜೊತೆಯಲ್ಲಿ ಬೆಳೆದವು. ಕಾಯಿಲೆಯದು ಹೋಯಿತು. ಉಳಿದದ್ದು ಮನೆಯೆಲ್ಲ ಹುಡುಕುತ್ತ ಕೂಗುತ್ತದೆ. ಸತ್ತ ಬೆಕ್ಕಿನ ಹಾಸಿಗೆ ಬಟ್ಟೆ ಒಗೆದುಬಿಡಲೇ? (ಮಾಲೂರಿನಿಂದ)

ಉತ್ತರ: ಕಿಡ್ನಿ ಕಾಯಿಲೆ ಅಂಟುವುದಿಲ್ಲ, ಬಟ್ಟೆ ಅಲ್ಲೇ ಇರಲಿ. ಅದರ ಮೇಲೆ ಹೋಗಿ ಮಲಗಿದರೆ ಮಲಗಲಿ, ವಾಸನೆ ತಾನಾಗಿ ತೀರುತ್ತದೆ. ನಾಯಿಗಳ ಪಾರ್ವೊ ಕಾಯಿಲೆಯಂತೆ ಭೇದಿ ತರುವ, ಬೆಕ್ಕಿನಿಂದ ಬೆಕ್ಕಿಗೆ ಅಂಟುವ ಪ್ಯಾನ್‌ಲ್ಯೂಕೋಪೀನಿಯಾದಿಂದ ಸತ್ತಿದ್ದರೆ ಮಾತ್ರ ಬಟ್ಟೆ ಸುಟ್ಟು, ನೆಲಕ್ಕೆ ಒಂದು ಪಾಲು ಬ್ಲೀಚಿಗೆ 32 ಪಾಲು ನೀರು ಸೇರಿಸಿ ಹತ್ತು ನಿಮಿಷ ನೆನೆಸಬೇಕು. ಆ ವೈರಸ್ ವರ್ಷದವರೆಗೂ ಬದುಕುತ್ತದೆ.

ಕೂಗಾಟಕ್ಕಿಂತ ಊಟದ ಮೇಲೆ ಕಣ್ಣಿಡಿ. ಹೊತ್ತಿಗೆ ಸರಿಯಾಗಿ ಬಟ್ಟಲಿಡಿ, ಊಟವನ್ನು ಸ್ವಲ್ಪ ಬೆಚ್ಚಗೆ ಮಾಡಿ, ಅದು ತಿನ್ನುವಾಗ ಪಕ್ಕದಲ್ಲೇ ಕುಳಿತಿರಿ. ಇಡೀ ಒಂದು ದಿನ ಏನೂ ಮುಟ್ಟದಿದ್ದರೆ ಡಾಕ್ಟರಿಗೆ ಹೇಳಿ. ಎರಡು ದಿನ ದಾಟಿಸಲೇಬೇಡಿ. ಉಪವಾಸವಿದ್ದ ಬೆಕ್ಕಿನ ಮೈಯ ಕೊಬ್ಬೆಲ್ಲ ಲಿವರಿಗೆ ನುಗ್ಗಿ ಕಾಮಾಲೆ ಬರುತ್ತದೆ, ಗುಂಡಗಿನ ಬೆಕ್ಕಿಗೆ ಇನ್ನೂ ಬೇಗ. ಜೊತೆ ಬೇಕೆಂದು ಈ ವಾರವೇ ಹೊಸ ಮರಿ ತರಬೇಡಿ. ಅದು ಮೊದಲಿನಂತೆ ಉಣ್ಣಲು, ಮೈ ನೆಕ್ಕಿಕೊಳ್ಳಲು ಶುರು ಮಾಡಲಿ, ಆಮೇಲೆ ನೋಡೋಣ.