ಸಂಪಾದಕರ ಉತ್ತರ: ಟೆಲಿಸ್ಕೋಪನ್ನು ಆ ಹುಡುಗಿಗೇ ಕೊಡಿ

ಕೋಡಿಬಾಗದ ಓದುಗ ಮಿತ್ರರೇ,

ನಿಮ್ಮ ಹನ್ನೊಂದು ಪುಟದ ಪತ್ರ ಬಂದು ಮೂರು ವಾರವಾಯಿತು. ಪೂರ್ತಿ ಹಾಕಲು ನಮ್ಮಲ್ಲಿ ಜಾಗವಿಲ್ಲ. ಉಳಿದ ಓದುಗರಿಗಾಗಿ ಅದರ ಹುರುಳನ್ನಷ್ಟೇ ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ. ನೀವು ಕಾರವಾರದ ಬೈತಖೋಲ ಬಂದರದಲ್ಲಿ ಬೋಟಿನ ಇಂಜಿನ್ ರಿಪೇರಿ ಮಾಡುತ್ತಿದ್ದವರು. ಈಗ ವಯಸ್ಸು 66. 1992ರಲ್ಲಿ ಗುಜರಿಯವನ ಹತ್ತಿರ ಹಡಗಿನ ಕಿಟಕಿಯ ಎರಡು ದಪ್ಪ ದುಂಡು ಗಾಜು ಸಿಕ್ಕಿದವು. ಅವನ್ನು ಒಂದರ ಮೇಲೊಂದು ಇಟ್ಟು ಎರಡು ವರ್ಷ ಉಜ್ಜಿ, ಒಂದನ್ನು 8 ಇಂಚು ಅಗಲದ ಬಾಗಿದ ಕನ್ನಡಿ ಮಾಡಿ, ಅದರಿಂದ ಟೆಲಿಸ್ಕೋಪ್ ಮಾಡಿಕೊಂಡಿರಿ. ಅದೀಗ ಮೂರು ವರ್ಷದಿಂದ ಮೆಟ್ಟಿಲ ಕೆಳಗೆ, ತಾರ್ಪಾಲಿನ ಒಳಗೆ ಇದೆ. ಮೊಣಕಾಲು ಬಗ್ಗುವುದಿಲ್ಲ, ಎರಡೂ ಕಣ್ಣಿಗೆ ಪೊರೆ ಬಂದಿದೆ, ತಾರಸಿಯ ಎದುರಿಗೇ ಹೊಸ ಬೀದಿದೀಪ ನಿಂತಿದೆ. ಮಗ ಮಾರಿಬಿಡಿ ಅನ್ನುತ್ತಾನೆ. ನೀವು ಬರೆದಿದ್ದೀರಿ: "ಅದರ ಮುಂದೆ ಹಾದು ಹೋಗುವಾಗೆಲ್ಲ ಸಾಲ ಕೊಟ್ಟವನು ಎದುರಾದ ಹಾಗಾಗುತ್ತದೆ. ಬಿಡಬೇಕು ಅಂತ ಗೊತ್ತು. ಹೇಗೆ ಬಿಡೋದು ಅಂತ ಹೇಳಿ."

ಬಿಡಿ. ಸುತ್ತಿ ಬಳಸಿ ಹೇಳುವುದಿಲ್ಲ. ಆದರೆ ಈ ಮಳೆಗಾಲ ಮುಗಿದ ಕೂಡಲೇ ಬಿಡಿ, ಇನ್ನೊಂದು ಮಳೆಗಾಲ ಅದು ತಾರ್ಪಾಲಿನ ಒಳಗೆ ಕಳೆಯಬಾರದು. ಇದನ್ನು ನಾನು ಯಾಕೆ ಇಷ್ಟು ಜೋರಾಗಿ ಹೇಳುತ್ತೇನೆ ಅಂದರೆ, ನಾನು ಹಾಗೆ ಮಾಡಲಿಲ್ಲ.

ನನ್ನದು 6 ಇಂಚಿನದು. ಶಿರಸಿ ಹತ್ತಿರ ನಮ್ಮ ಹಳ್ಳಿಯ ಮನೆಯಲ್ಲಿ ಇತ್ತು. ನಮ್ಮ ಕಡೆ ಆಕಾಶ ಶುಭ್ರವಾಗುವ ಹೊತ್ತೇ ಅಡಿಕೆ ಕೊಯ್ಲಿನ ಹೊತ್ತು ಕೂಡ. ಅಂಗಳದ ತುಂಬ ಅಡಿಕೆ, ಜಗುಲಿಯಲ್ಲಿ ರಾತ್ರಿ ಸುಲಿಯುವವರು. 2003ರ ಡಿಸೆಂಬರಿನಲ್ಲಿ ಶನಿ ಭೂಮಿಗೆ ಹತ್ತಿರವಿದ್ದ, ಬಳೆ ಅಗಲವಾಗಿ ತೆರೆದುಕೊಂಡಿತ್ತು. ಸುಲಿಯಲು ಬಂದವರು ಕೈ ಒರೆಸಿಕೊಂಡು ಒಬ್ಬೊಬ್ಬರಾಗಿ ಎದ್ದು ಬಂದು ನೋಡಿದರು. ಒಬ್ಬ ಅಜ್ಜಿ ಐಪೀಸಿಗೆ ಕಣ್ಣಿಟ್ಟವರು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ "ಇಷ್ಟು ದಿನ ಇದು ಇಲ್ಲೇ ಇತ್ತಾ?" ಅಂತ ಕೇಳಿದರು. ಅಂಥ ರಾತ್ರಿಗಳು ಆ ವರ್ಷ ಐದಾರು ಸಿಕ್ಕವು. ಆಮೇಲೆ ಕೆಲಸ, ಊರು ಬಿಟ್ಟಿದ್ದು, ಮಕ್ಕಳು. ಟೆಲಿಸ್ಕೋಪನ್ನು ಅಟ್ಟಕ್ಕೆ ಏರಿಸಿದೆ. ಮುಂದಿನ ರಜೆಗೆ ಇಳಿಸೋಣ ಅಂದುಕೊಂಡೇ ಹನ್ನೊಂದು ವರ್ಷ ಹೋಯಿತು. ಕೊನೆಗೂ ಹತ್ತಿ ನೋಡಿದರೆ ಪ್ಲೈವುಡ್ ಪೆಟ್ಟಿಗೆಯನ್ನು ಒರಲೆ ತಿಂದು ಮುಗಿಸಿತ್ತು. ಒಳಗಿನ ಕನ್ನಡಿ ಜಾರಿ ಬಿದ್ದು ಅಂಚಿನಿಂದ ನಡುವಿನ ತನಕ ಸೀಳಿತ್ತು. ಅದನ್ನು ಯಾರಿಗೂ ಕೊಡುವ ಹಾಗಿರಲಿಲ್ಲ. ಈ ಹವ್ಯಾಸ ನನಗೆ ಮುಗಿಯಿತು ಅಂತ ಬಾಯಿಬಿಟ್ಟು ಒಪ್ಪಿಕೊಳ್ಳಲು ನನಗೆ ಮನಸ್ಸಾಗಲಿಲ್ಲ, ಅಷ್ಟೇ ಕಾರಣ. ಒಪ್ಪಿಕೊಂಡಿದ್ದರೆ ಆ ಕನ್ನಡಿ ಇವತ್ತು ಯಾರ ಅಂಗಳದಲ್ಲೋ ಇರುತ್ತಿತ್ತು.

ಈಗ ನಿಮ್ಮ ಕನ್ನಡಿಯ ವಿಷಯ. "ಕನ್ನಡಿ ಹಾಳಾಗಿದೆ, ಉಪ್ಪುಗಾಳಿಗೆ ಮಚ್ಚೆ ಮಚ್ಚೆ ಎದ್ದಿದೆ, ಮೂವತ್ತು ವರ್ಷದ ಶ್ರಮ ಹೋಯಿತು" ಅಂತ ಬರೆದಿದ್ದೀರಿ. ಈ ಒಂದು ಮಾತನ್ನು ನಾನು ಒಪ್ಪುವುದಿಲ್ಲ. ಹಾಳಾಗಿರುವುದು ಮೇಲಿನ ಅಲ್ಯೂಮಿನಿಯಂ ಲೇಪ. ಅದರ ದಪ್ಪ ಒಂದು ಮಿಲಿಮೀಟರಿನ ಸುಮಾರು 10,000ದಲ್ಲಿ ಒಂದು ಪಾಲು. ಅದನ್ನು ನೀವು ಮಾಡಿದ್ದಲ್ಲ, ಯಾರೋ ನಿರ್ವಾತದ ಪೆಟ್ಟಿಗೆಯಲ್ಲಿಟ್ಟು ಹಾಕಿಕೊಟ್ಟಿದ್ದು. ಕಡಲ ದಂಡೆಯಲ್ಲಿ ಅದು ಹೋಗೇ ಹೋಗುತ್ತದೆ. ಹಳೆಯದನ್ನು ಕರಗಿಸಿ ತೆಗೆದು ಹೊಸದಾಗಿ ಹಾಕಬಹುದು. ನೀವು ಮಾಡಿದ್ದು ಅದರ ಕೆಳಗಿರುವ ಬಾಗು. ಗಾಜು ತುಕ್ಕು ಹಿಡಿಯುವುದಿಲ್ಲ. 48 ಇಂಚು ನಾಭಿದೂರದ (ಅಂದರೆ ಅಷ್ಟು ದೂರದಲ್ಲಿ ಬೆಳಕನ್ನು ಒಂದೆಡೆ ಕೂಡಿಸುವ) 8 ಇಂಚಿನ ಕನ್ನಡಿಗೆ ನಡುವೆ ಬರೀ 2 ಮಿಲಿಮೀಟರಿಗಿಂತ ತುಸು ಜಾಸ್ತಿ ಆಳ. ಆ ಆಳ ತೋಡಲು ಗಾಜು ಸವೆಸುವ 80 ನಂಬರಿನ ಕಾರ್ಬೊರಂಡಂ ಪುಡಿ ಹಾಕಿ ವಾರಗಟ್ಟಲೆ ಉಜ್ಜಿದ್ದೀರಿ. ಇಂಜಿನ್ನಿನ ವಾಲ್ವ್ ಕೂರಿಸಲು ಹಚ್ಚುವ ಪೇಸ್ಟಿನಲ್ಲೂ ಇದೇ ಪುಡಿ ಇರುತ್ತದೆ, ಆದ್ದರಿಂದ ಕೈಗೆ ಪರಿಚಯವಿತ್ತು ಅಂತ ಬರೆದಿದ್ದು ನನಗೆ ಬಹಳ ಇಷ್ಟವಾಯಿತು. ಆಮೇಲೆ ಪಾಲಿಶ್ ಹಿಡಿಸಲು ಬೇಕಾದ, ಡಾಂಬರಿನಂಥ ಪಿಚ್ ಸಿಗದೆ, ರಾಳಕ್ಕೆ ಶಿರಸಿಯಿಂದ ತರಿಸಿದ ಜೇನುಮೇಣ ಬೆರೆಸಿ, ಕಾಸಿ, ಮೆತ್ತಗಾಯಿತು ಗಟ್ಟಿಯಾಯಿತು ಅಂತ ಉಗುರಿನಿಂದ ಒತ್ತಿ ಒತ್ತಿ ನೋಡಿ ಹದ ಹಿಡಿದಿರಲ್ಲ, ಆ ಪುಟವನ್ನು ನಮ್ಮ ಕಚೇರಿಯಲ್ಲಿ ಎಲ್ಲರಿಗೂ ಓದಿ ಹೇಳಿದೆ.

ಕನ್ನಡಿಯ ಮೇಲ್ಮೈ ಎಷ್ಟು ಸರಿ ಇರಬೇಕು ಅಂದರೆ, ತಪ್ಪು ಒಂದು ಮಿಲಿಮೀಟರಿನ 14,000ದಲ್ಲಿ ಒಂದು ಪಾಲಿಗಿಂತ ಹೆಚ್ಚಿರಬಾರದು. ಅದನ್ನು ನೀವು ಅಳೆದಿದ್ದು ಪೌಡರ್ ಡಬ್ಬಿಯೊಳಗೆ ಟಾರ್ಚಿನ ಬಲ್ಬ್ ಇಟ್ಟು, ಕನ್ನಡಿಯಿಂದ ಮರಳುವ ಬೆಳಕಿಗೆ ಗಡ್ಡ ಹೆರೆಯುವ ಬ್ಲೇಡ್ ಅಡ್ಡ ನಿಲ್ಲಿಸಿ, ಕನ್ನಡಿಯ ಮೇಲೆ ಕಾಣುವ ನೆರಳು ನೋಡಿ. ಫ್ರಾನ್ಸಿನ ವಿಜ್ಞಾನಿ ಫೂಕೋ 1858ರಲ್ಲಿ ತೋರಿಸಿಕೊಟ್ಟ ಉಪಾಯ ಅದು, ಇವತ್ತಿಗೂ ಮನೆಯಲ್ಲಿ ಕನ್ನಡಿ ಮಾಡುವವರಿಗೆ ಅದೇ ಆಧಾರ. ಗಾಜಿನ ಮೇಲೆ ಹೆಬ್ಬೆರಳು ಒತ್ತಿ ತೆಗೆದರೆ, ಬೆರಳಿನ ಬಿಸಿಗೆ ಅಲ್ಲಿ ಗಾಜು ಗುಡ್ಡದ ಹಾಗೆ ಉಬ್ಬಿ ಕಂಡು, ಮೆಲ್ಲಗೆ ಇಳಿದು ಹೋಗಿದ್ದನ್ನು ನೋಡಿ ಹೆಂಡತಿಯನ್ನು ನಿದ್ದೆಯಿಂದ ಎಬ್ಬಿಸಿ ಕರೆದು ತೋರಿಸಿದಿರಂತೆ. ಹಾಗೆ ನೋಡಿ ನೋಡಿ ತಿದ್ದಿದ ಬಾಗು ಆ ಮಚ್ಚೆಗಳ ಕೆಳಗೆ ಈಗಲೂ ಇದೆ. ಏನೂ ಹೋಗಿಲ್ಲ.

ಅದನ್ನು ಮಾತ್ರ ದಯವಿಟ್ಟು ಬಟ್ಟೆಯಿಂದ ಒರೆಸಬೇಡಿ. ಉಪ್ಪಿನ ಹರಳು ಗೀರು ಹಾಕುತ್ತದೆ. ಮೊದಲು ನಲ್ಲಿ ನೀರು ಸಣ್ಣಗೆ ಹರಿಸಿ. ಆಮೇಲೆ ಪಾತ್ರೆ ತೊಳೆಯುವ ಸೋಪಿನ ಎರಡು ಹನಿ ಹಾಕಿದ ಉಗುರುಬೆಚ್ಚಗಿನ ನೀರಲ್ಲಿ ನೆನೆಸಿಡಿ. ಹತ್ತಿಯನ್ನು ಅದರ ಭಾರಕ್ಕೇ ಎಳೆಯಿರಿ, ಒತ್ತಬೇಡಿ. ಕೊನೆಗೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸುರಿದು, ಓರೆಯಾಗಿ ನಿಲ್ಲಿಸಿ ಒಣಗಿಸಿ. ಇಷ್ಟಾದ ಮೇಲೂ ಉಳಿಯುವ ಮಚ್ಚೆ ಲೇಪದೊಳಗೆ ಇಳಿದಿದ್ದು, ಅದು ಹೊಸ ಲೇಪದಿಂದಲೇ ಹೋಗಬೇಕು.

ಇನ್ನು ಯಾರಿಗೆ ಕೊಡುವುದು ಅನ್ನುವುದು. ನೀವು ಮೂರು ದಾರಿ ಬರೆದಿದ್ದೀರಿ. ಮೊಬೈಲಿನಲ್ಲಿ ಫೋಟೋ ಹಾಕಿ ಮಾರುವುದು, ಶಾಲೆಗೆ ದಾನ ಮಾಡುವುದು, ಇಲ್ಲವೇ ಮಗ ಮುಂದೆ ಯಾವತ್ತಾದರೂ ನೋಡಿಯಾನು ಅಂತ ಇಟ್ಟುಕೊಳ್ಳುವುದು. ಮೂರೂ ಬೇಡ ಅನ್ನುತ್ತೇನೆ. ಮಗನಿಗೆ ಬೇಡ, ಅವನು ಸ್ಪಷ್ಟವಾಗಿ ಹೇಳಿದ್ದಾನೆ, ಅವನ ಮಾತನ್ನು ನಂಬಿ. ಶಾಲೆಯ ಮಾಸ್ತರರ ಮೇಲೆ ನನಗೆ ಗೌರವವಿದೆ, ಆದರೆ ನಾನು ಕಂಡ ಹಾಗೆ ಸಾಮಾನು ಒಡೆದರೆ ಯಾರು ಹೊಣೆ ಅನ್ನುವ ಹೆದರಿಕೆಗೆ ಅದು ಕಪಾಟಿಗೆ ಹೋಗುತ್ತದೆ, ಬೀಗದ ಕೈ ಒಬ್ಬರ ಹತ್ತಿರ ಇರುತ್ತದೆ, ಅವರಿಗೆ ಬದಲಿ ಆದ ಮೇಲೆ ಅಲ್ಲಿಗೆ ಮುಗಿಯಿತು. ಇದನ್ನು ಒಬ್ಬ ಮನುಷ್ಯನ ಕೈಗೇ ಕೊಡಬೇಕು.

ಆ ಮನುಷ್ಯ ಯಾರು ಅನ್ನುವುದು ನಿಮ್ಮ ಪತ್ರದಲ್ಲೇ ಇದೆ, ಒಂಬತ್ತನೇ ಪುಟದ ಕೆಳಗೆ. ಪಾಲಿಟೆಕ್ನಿಕ್ ಓದುವ ಪಕ್ಕದ ಮನೆ ಹುಡುಗಿ ಇನ್ವರ್ಟರ್ ನೋಡಲು ಬಂದಾಗ ತಾರ್ಪಾಲ್ ಎತ್ತಿ, "ಮಾಮಾ, ಈ ಬೇರಿಂಗ್ ನೀರಿನ ಪಂಪಿಂದಲ್ವಾ?" ಅಂತ ಕೇಳಿದಳು. ಬೆರಳಲ್ಲಿ ತಿರುಗಿಸಿ ನೋಡಿದಳು. ಅದರ ಬೆನ್ನಿಗೇ ನೀವು ಬರೆದಿದ್ದೀರಿ: "ಅವಳಿಗೆ ನಕ್ಷತ್ರದ ಮೇಲೆ ಆಸಕ್ತಿ ಏನೂ ಇಲ್ಲ, ಸುಮ್ನೆ ಕೇಳಿದ್ದು."

ನಿಮ್ಮ ಪತ್ರವನ್ನು ಇನ್ನೊಮ್ಮೆ ಓದಿ ಪುಟ ಎಣಿಸಿದೆ. ಹನ್ನೊಂದರಲ್ಲಿ ಏಳು ಪುಟ ಉಜ್ಜಿದ್ದು, ಎರಕ ಹೊಯ್ದಿದ್ದು, ಬೇರಿಂಗ್ ಕೂರಿಸಿದ್ದು, ಬಿಚ್ಚಿ ಮತ್ತೆ ಕೂಡಿಸಿದ್ದು. ಆಕಾಶಕ್ಕೆ ಎರಡೇ ಪುಟ. ಅದಕ್ಕೆ ನೀವು ನಾಚಿಕೊಂಡ ಹಾಗೆ ಕಾಣುತ್ತದೆ, "ನೋಡಿದ್ದು ಕಡಿಮೆ, ತಿರುಪು ತಿರುಗಿಸಿದ್ದೇ ಜಾಸ್ತಿ" ಅಂತ. ನಮ್ಮ ಕರಾವಳಿಯಲ್ಲಿ ಬೇರೆ ಏನು ಮಾಡಲು ಬರುತ್ತದೆ ಹೇಳಿ. ಜೂನಿನಿಂದ ಸೆಪ್ಟೆಂಬರ್ ತನಕ ಆಕಾಶವೇ ಇಲ್ಲ. ನಮಗೆ ನಕ್ಷತ್ರಗಳ ಹೆಸರು ಬಾಯಿಪಾಠ ಆಗುವುದೇ ಮಳೆಯಿಂದ: ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ. ಸೂರ್ಯ ಯಾವ ನಕ್ಷತ್ರದ ಹತ್ತಿರ ಇದ್ದಾನೋ ಮಳೆಗೆ ಅದರ ಹೆಸರು. ಹಾಗಾಗಿ ಆರಿದ್ರಾ ಮಳೆ ಹೊಯ್ಯುವಾಗ ಮೋಡ ಸರಿದರೂ ಆರಿದ್ರಾ ಕಾಣುವುದಿಲ್ಲ, ಸೂರ್ಯನ ಬೆಳಕಿನಲ್ಲಿ ಮುಳುಗಿರುತ್ತದೆ. 1994ರ ಜುಲೈ 16ರಿಂದ 22ರ ತನಕ ಶೂಮೇಕರ್-ಲೆವಿ ಧೂಮಕೇತುವಿನ ಚೂರುಗಳು ಗುರುಗ್ರಹಕ್ಕೆ ಅಪ್ಪಳಿಸಿದಾಗ ಇಲ್ಲಿ ಪುನರ್ವಸು ಮಳೆ ಮುಗಿದು ಪುಷ್ಯ ಹಿಡಿಯುವ ಹೊತ್ತು. ಆಗಷ್ಟೇ ಮುಗಿಸಿದ ಟೆಲಿಸ್ಕೋಪಿಗೆ ಕೊಡೆ ಹಿಡಿದು ನೀವು ಏಳು ರಾತ್ರಿ ತಾರಸಿಯಲ್ಲಿ ಕುಳಿತಿರಿ. ಕೊನೆಗೆ ಆಗಸ್ಟಿನಲ್ಲಿ ಅರ್ಧ ಗಂಟೆ ಮೋಡ ಸರಿದು ಗುರುವಿನ ಮೇಲೆ ಕಪ್ಪು ಮಚ್ಚೆ ಕಂಡಿತು. ಆ ಅರ್ಧ ಗಂಟೆ ನಿಮಗೆ ಸಿಕ್ಕಿದ್ದು ತಿರುಪು ತಿರುಗಿಸಿದ ಎರಡು ವರ್ಷದಿಂದ.

ಬೇರಿಂಗಿನಿಂದಲೇ ನೀವೂ ಆಕಾಶಕ್ಕೆ ಹೋದವರು. ಅವಳೂ ಅಲ್ಲಿಂದಲೇ ಶುರು ಮಾಡಲಿ. ನಕ್ಷತ್ರ ಇಷ್ಟ ಅನ್ನುವವರು ಸಾವಿರ ಜನ ಸಿಗುತ್ತಾರೆ. ಹಳೇ ಯಂತ್ರದ ತಾರ್ಪಾಲ್ ಎತ್ತಿ, ಇದು ಹೇಗೆ ತಿರುಗುತ್ತದೆ ಅಂತ ಕೈ ಹಾಕುವವರು ಅಪರೂಪ. ಆ ಟೆಲಿಸ್ಕೋಪಿಗೆ ಈಗ ಬೇಕಾಗಿರುವುದು ಅಂಥವರೇ. ನಿಮ್ಮ ಕಬ್ಬಿಣದ ಸ್ಟ್ಯಾಂಡ್ ಅವಳಿಗೂ ಭಾರ ಆಗಬಹುದು. ಅದನ್ನು ತೆಗೆದು, ಪ್ಲೈವುಡ್ ಪೆಟ್ಟಿಗೆ ಮಾಡಿ, ಟೆಫ್ಲಾನ್ ತುಂಡುಗಳ ಮೇಲೆ ತಿರುಗುವ ಹಾಗೆ ಕೂರಿಸುತ್ತೇನೆ ಅಂದರೆ ಬೇಡ ಅನ್ನಬೇಡಿ. ಅಮೆರಿಕದಲ್ಲಿ ರಾಮಕೃಷ್ಣ ಸಂಪ್ರದಾಯದ ಮಠದಲ್ಲಿ ಸನ್ಯಾಸಿಯಾಗಿದ್ದ ಜಾನ್ ಡಾಬ್ಸನ್ ರೂಢಿಗೆ ತಂದ ವಿಧಾನ ಅದು, ಕಬ್ಬಿಣಕ್ಕಿಂತ ಹಗುರ.

ಪುಕ್ಕಟೆ ಕೊಡಬೇಡಿ. ಹೊಸ ಲೇಪದ ಖರ್ಚು ಅವಳೇ ಕೊಡಲಿ, ಅಷ್ಟೇ ಸಾಕು. ನಿಮ್ಮ ಎರಡು ವರ್ಷಕ್ಕೆ ಬೆಲೆ ಕಟ್ಟಲು ಹೋದರೆ ಯಾರಿಗೂ ಕೊಡಲು ಆಗುವುದಿಲ್ಲ. ಮತ್ತೆ ನೀವು ಬರೆದಿಟ್ಟ ಆ ಆರು ನೋಟ್‌ಬುಕ್ಕುಗಳನ್ನೂ ಜೊತೆಗೇ ಕೊಡಿ, ಎಣ್ಣೆ ಕಲೆ ಇದ್ದರೂ ಪರವಾಗಿಲ್ಲ.

ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದ ಟೆಲಿಸ್ಕೋಪಿನ ಕತೆ ಒಂದು ನೆನಪಾಗುತ್ತದೆ. ಈಗ ಬಾಂಗ್ಲಾದೇಶದಲ್ಲಿರುವ ಜೆಸ್ಸೋರಿನ ಖಜಾನೆಯಲ್ಲಿ ನೌಕರಿ ಮಾಡುತ್ತಿದ್ದ ರಾಧಾಗೋವಿಂದ ಚಂದ್ರ ಅನ್ನುವವರು ರಾತ್ರಿ ಹೊತ್ತು ಬೆಳಕು ಏರಿಳಿಯುವ ನಕ್ಷತ್ರಗಳನ್ನು ಗುರುತು ಮಾಡಿಕೊಳ್ಳುತ್ತಿದ್ದರು. ಅವರ ಕೆಲಸ ನೋಡಿ ಅಮೆರಿಕದ ವೀಕ್ಷಕರ ಸಂಘ 1920ರ ದಶಕದಲ್ಲಿ ಅವರಿಗೆ 6 ಇಂಚಿನ ಟೆಲಿಸ್ಕೋಪನ್ನು ಎರವಲಾಗಿ ಕಳಿಸಿತು. ಅವರು ದಾಖಲಿಸಿದ ವೀಕ್ಷಣೆಗಳು 30,000ಕ್ಕೂ ಹೆಚ್ಚು. ವಯಸ್ಸಾದ ಮೇಲೆ ಅವರು ಅದನ್ನು ಬಿಟ್ಟುಕೊಟ್ಟರು. ಅದು ಖಗೋಳ ವಿಜ್ಞಾನಿ ವೈನು ಬಪ್ಪು ಅವರ ಕೈಗೆ ಹೋಯಿತು, ಕೊನೆಗೆ ತಮಿಳುನಾಡಿನ ಕಾವಲೂರಿನ ವೀಕ್ಷಣಾಲಯ ಸೇರಿತು. ನಿಮ್ಮದು ಪಕ್ಕದ ಮನೆಗೆ ಹೋಗುತ್ತದೆ, ಬೇಕೆನಿಸಿದಾಗ ಹೋಗಿ ನೋಡಿ ಬರಬಹುದು.

ಕೊಡುವ ಮೊದಲು ಒಂದು ಕೆಲಸ ಬಾಕಿ ಇದೆ. ಪೊರೆ ಆಪರೇಷನ್ ಮುಂದೂಡುತ್ತಾ ಬಂದಿದ್ದೀರಿ ಅಂತ ಕಾಣುತ್ತದೆ. ಮಾಡಿಸಿಕೊಳ್ಳಿ ಮಾರಾಯ್ರೇ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗೆ ತಿರುಗಿ ನೀಲಿ ಬೆಳಕನ್ನು ತಡೆಯುತ್ತದೆ. ಅದನ್ನು ತೆಗೆದು ಹೊಸದು ಹಾಕಿದ ಮೇಲೆ ನೀಲಿ ಮರಳಿ ಬರುತ್ತದೆ, ಆಪರೇಷನ್ ಆದವರು ಬಹಳ ಮಂದಿ ಹೇಳುವ ಮಾತು ಇದು. ಡಾಕ್ಟರು ಸರಿ ಅಂದ ಮೇಲೆ, ಡಿಸೆಂಬರಿನಲ್ಲಿ ಒಂದು ರಾತ್ರಿ ಆ ಹುಡುಗಿಯ ಕೈಲಿ ಟೆಲಿಸ್ಕೋಪ್ ಹೊರಿಸಿ, ದೀಪ ಮರೆಯಾಗುವ ಕಡೆ ನಿಲ್ಲಿಸಿ. ಮೊದಲು ಆರಿದ್ರಾ ನೋಡಿ, ಕೆಂಪಗಿರುತ್ತದೆ. ಆಮೇಲೆ ಮಹಾವ್ಯಾಧನ ಕಾಲಿನ ನೀಲಿ ನಕ್ಷತ್ರ ರೈಜೆಲ್‌ಗೆ ತಿರುಗಿಸಿ. ಅದರ ಬಣ್ಣವನ್ನು ಇಷ್ಟು ವರ್ಷ ನೀವು ಪೂರ್ತಿ ನೋಡಿಲ್ಲ ಅಂತ ನನ್ನ ನಂಬಿಕೆ.

ನೀವು ಕೇಳಿದ ಇನ್ನೊಂದು ಸಣ್ಣ ಪ್ರಶ್ನೆ. 1980ರ ಫೆಬ್ರವರಿ 16ರ ಪೂರ್ಣ ಸೂರ್ಯಗ್ರಹಣ ಕಾರವಾರ, ಅಂಕೋಲಾದ ಮೇಲೇ ಹಾದು ಹೋಯಿತು. ಎರಡು ನಿಮಿಷಕ್ಕಿಂತ ಜಾಸ್ತಿ ಕತ್ತಲಾಗಿತ್ತು. ಮನೆಯವರೆಲ್ಲ ಬಾಗಿಲು ಹಾಕಿ ಕುಳಿತಾಗ ಇಪ್ಪತ್ತರ ನೀವು ಬಂದರದ ಧಕ್ಕೆಯ ಮೇಲೆ ಒಬ್ಬರೇ ನಿಂತು, ಆ ಕತ್ತಲೆಯಲ್ಲಿ ಒಂದು ದೊಡ್ಡ ಚುಕ್ಕಿ ಕಂಡಿರಿ. ಅದು ಯಾವುದು ಅಂತ ಇವತ್ತಿಗೂ ಗೊತ್ತಿಲ್ಲ ಅಂದಿದ್ದೀರಿ. ಸೂರ್ಯನಿಂದ ಸಾಕಷ್ಟು ಪೂರ್ವಕ್ಕೆ, ನೆತ್ತಿಯ ಕಡೆಗೆ ಇದ್ದರೆ ಅದು ಶುಕ್ರ.

ಕೊನೆಯದಾಗಿ, ನನ್ನ ಹತ್ತಿರ ಗಾಜಿಗೆ ಪಾಲಿಶ್ ಹಿಡಿಸುವ ಸೀರಿಯಂ ಆಕ್ಸೈಡ್ ಒಂದು ಪೊಟ್ಟಣ ಮತ್ತೆ ಮೂರು ಬೇರೆ ಬೇರೆ ನಂಬರಿನ ಕಾರ್ಬೊರಂಡಂ ಪುಡಿ ಹಾಗೇ ಉಳಿದಿದೆ. ಎರಡನೇ ಕನ್ನಡಿ ಮಾಡಬೇಕು ಅಂತ ತಂದು ಒಡೆಯದೆ ಇಟ್ಟಿದ್ದು. ನಿಮ್ಮ ಜೊತೆ ಕುಳಿತು ಉಜ್ಜುವುದು ಕಲಿಯಲು ಆ ಹುಡುಗಿಗೆ ಮನಸ್ಸಿದೆಯಾ ಅಂತ ಕೇಳಿ ಒಂದು ಸಾಲು ಬರೆಯಿರಿ. ಇದೆ ಅಂದರೆ ಶಿರಸಿಯಿಂದ ಕಾರವಾರಕ್ಕೆ ಬರುವ ಬಸ್ಸಿನಲ್ಲಿ ಕಳಿಸಿಕೊಡುತ್ತೇನೆ.

ನಿಮ್ಮ
ಸಂಪಾದಕ